ಅಂಕಪಟ್ಟಿ ಇಲ್ಲದ ಶಾಲೆಯಲ್ಲಿ 40 ವಾರ

ಡೆನ್ಮಾರ್ಕಿನ ಫ್ಯೂನ್ ದ್ವೀಪದ ಒಂದು ಫೋಕ್ ಹೈಸ್ಕೂಲಿನಲ್ಲಿ 40 ವಾರ ಕಳೆದು, 2025ರ ಜೂನ್ ಕೊನೆಯಲ್ಲಿ ಮಲೆನಾಡಿನ ನಮ್ಮೂರು ಸಾಗರಕ್ಕೆ ಮರಳಿದೆ. ಹೊರಡುವ ಮುಂಚೆ ಇಂಥ ಶಾಲೆಗೆ ಹೋಗಿಬಂದ ಕನ್ನಡಿಗರು ಯಾರಾದರೂ ಸಿಗುವರೇ ಎಂದು ತಿಂಗಳುಗಟ್ಟಲೆ ಹುಡುಕಿದ್ದೆ, ಒಬ್ಬರೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಬ್ಯಾಂಕಿಗೆ ಅಲೆದ ಒಂಬತ್ತು ದಿನ, ವೀಸಾಗಾಗಿ ಬೆರಳಚ್ಚು ಕೊಡಲು ಸಮಯ ಸಿಗದೆ ನಿದ್ದೆಗೆಟ್ಟ ಎರಡು ವಾರ, ಡಿಸೆಂಬರ್ ರಜೆಯಲ್ಲಿ ಉಳಿಯಲು ಜಾಗವೇ ಇಲ್ಲವೆಂದು ತಿಳಿದಾಗಿನ ಗಾಬರಿ, ಈ ಮೂರೂ ತಪ್ಪುತ್ತಿದ್ದವು. ನನ್ನ ಹಿಂದೆ ಬರುವವರಿಗಾದರೂ ದಾರಿ ಸ್ವಲ್ಪ ಸಲೀಸಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು, ಏಕೆಂದರೆ ನನ್ನ ಅರ್ಧ ಕಷ್ಟ ಹುಟ್ಟಿದ್ದೇ ಹೆಸರಿನಿಂದ. ಡ್ಯಾನಿಶ್ ಭಾಷೆಯಲ್ಲಿ ಇದನ್ನು ‘ಹೊಯ್‌ಸ್ಕೋಲ’ ಎನ್ನುತ್ತಾರೆ. ಇದು ನಮ್ಮ ಅರ್ಥದ ಹೈಸ್ಕೂಲೂ ಅಲ್ಲ, ಜಾನಪದ ಕಲಿಸುವ ಶಾಲೆಯೂ ಅಲ್ಲ. ಹದಿನೇಳೂವರೆ ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದಾದ, ಎಲ್ಲರೂ ಅಲ್ಲೇ ಉಂಡು ಮಲಗುವ, ಪರೀಕ್ಷೆಯಾಗಲಿ ಅಂಕಗಳಾಗಲಿ ಇಲ್ಲದ ವಸತಿ ಶಾಲೆ ಇದು. ಪಾದ್ರಿಯೂ ಕವಿಯೂ ಆಗಿದ್ದ ಎನ್.ಎಫ್.ಎಸ್. ಗ್ರುಂಟ್‌ವಿಗ್, ಲ್ಯಾಟಿನ್ ಬಾಯಿಪಾಠ ಮಾಡಿಸುವ ಅಂದಿನ ಶಾಲೆಗಳಿಗೆ ಎದುರಾಗಿ ‘ಬದುಕಿಗಾಗಿ ಶಾಲೆ’ ಬೇಕೆಂದು ವಾದಿಸಿದರು; ಆ ಚಿಂತನೆಯಿಂದ ಮೊದಲ ಶಾಲೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ತೆರೆಯಿತು. ರೈತರ ಮಕ್ಕಳು ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಬಂದು ಇತಿಹಾಸ ಕೇಳಿ, ಹಾಡಿ, ಚರ್ಚಿಸಿ ಊರಿಗೆ ಮರಳುತ್ತಿದ್ದರು. ನಾರ್ವೆಗೆ ಇದು 1864ರಲ್ಲಿ, ಸ್ವೀಡನ್ನಿಗೆ 1868ರಲ್ಲಿ ಹಬ್ಬಿತು. ಈಗ ಡೆನ್ಮಾರ್ಕಿನಲ್ಲೇ ಇಂಥ 70ಕ್ಕೂ ಹೆಚ್ಚು ಶಾಲೆಗಳಿವೆ. ಅಲ್ಲಿನ ಎಷ್ಟೋ ತರುಣರು ಪಿಯುಸಿಗೆ ಸಮನಾದ ಓದು ಮುಗಿಸಿ, ವಿಶ್ವವಿದ್ಯಾಲಯ ಸೇರುವ ಮುಂಚಿನ ಬಿಡುವಿನ ವರ್ಷದಲ್ಲಿ ನಾಲ್ಕಾರು ತಿಂಗಳನ್ನು ಇಲ್ಲಿ ಕಳೆಯುತ್ತಾರೆ.

ನಮ್ಮಲ್ಲಿ ಹಾಗೆ ಒಂದು ವರ್ಷ ಬಿಟ್ಟರೆ ‘ಡ್ರಾಪ್ ತೆಗೆದುಕೊಂಡಳು’ ಎನ್ನುತ್ತಾರೆ. ಆ ಮಾತಿನಲ್ಲೇ ಏನೋ ಕಳೆದುಕೊಂಡ ಧ್ವನಿಯಿದೆ. ನಾನು 2022ರಲ್ಲಿ ಬಿ.ಎ. ಮುಗಿಸಿ, ಹಳ್ಳಿ ಶಾಲೆಗಳಲ್ಲಿ ಗ್ರಂಥಾಲಯ ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದೆ. ಎಂ.ಎ. ಸೇರುವ ಮುಂಚೆ ಒಂದು ವರ್ಷ ಬೇರೆ ರೀತಿಯಲ್ಲಿ ಕಲಿಯಬೇಕು ಎಂಬ ಆಸೆಯನ್ನು ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ತಕ್ಷಣ ಬೇಡವೆನ್ನಲಿಲ್ಲ. ಎರಡು ದಿನ ಯೋಚಿಸಿ, ಅಡಿಕೆ ಸುಲಿಸುತ್ತ ಕುಳಿತಿದ್ದಾಗ ಒಂದೇ ಪ್ರಶ್ನೆ ಕೇಳಿದರು: “ಅಷ್ಟು ದುಡ್ಡು ಕೊಟ್ಟು ಹೋಗಿ ಬಂದ ಮೇಲೆ ಕೈಯಲ್ಲಿ ಏನಿರುತ್ತೆ?” ಈ ಪ್ರಶ್ನೆಯನ್ನು ಅವರ ನಂತರ ಬ್ಯಾಂಕಿನವರು ಕೇಳಿದರು, ವೀಸಾ ಅರ್ಜಿ ನೋಡಿದವರು ಕೇಳಿದರು, ನೆಂಟರೆಲ್ಲರೂ ಕೇಳಿದರು. ಹೋಗಬಯಸುವವರು ಹಣಕ್ಕಿಂತ ಮೊದಲು ಹೊಂದಿಸಿಕೊಳ್ಳಬೇಕಾದದ್ದು ಈ ಪ್ರಶ್ನೆಗೆ ಕಾಗದದ ಮೇಲೆ ಬರೆದುಕೊಡಬಲ್ಲ ಒಂದು ಉತ್ತರ.

ಶಾಲೆ ಆರಿಸುವಾಗ ಕಲಿಸುವ ಭಾಷೆ ಯಾವುದೆಂದು ಮೊದಲು ನೋಡಿ. ಬಹುಪಾಲು ಶಾಲೆಗಳಲ್ಲಿ ಪಾಠ ಡ್ಯಾನಿಶಿನಲ್ಲೇ ನಡೆಯುತ್ತದೆ. ಪೂರ್ತಿ ಇಂಗ್ಲಿಷಿನಲ್ಲೇ ಬೇಕೆನ್ನುವವರಿಗೆ ಹೆಲ್ಸಿಂಗೋರ್ ಪಟ್ಟಣದಲ್ಲಿ ಪೀಟರ್ ಮಾನಿಕೆ 1921ರಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಪೀಪಲ್ಸ್ ಕಾಲೇಜ್ ಇದೆ. ಮೊದಲ ಮಹಾಯುದ್ಧದ ನಂತರ ದೇಶದೇಶದ ಜನ ಒಟ್ಟಿಗೆ ಬಾಳಿ ಕಲಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. ನಾನು ಆರಿಸಿದ್ದು ವಿದೇಶಿಯರಿಗೆ ಡ್ಯಾನಿಶ್ ಕಲಿಸಿಕೊಂಡು, ಕೈಕೆಲಸದ ತರಗತಿಗಳಲ್ಲಿ ಎರಡೂ ಭಾಷೆ ಬಳಸುವ ಒಂದು ಸಣ್ಣ ಶಾಲೆ. ಅರ್ಜಿ ಬಹಳ ಸರಳ. ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ಏಕೆ ಬರಬೇಕೆಂದಿದ್ದೀರಿ ಎಂದು ಒಂದು ಪುಟ ಬರೆಯಲು ಹೇಳಿದರು, ಅರ್ಧ ಗಂಟೆ ವೀಡಿಯೊ ಕರೆಯಲ್ಲಿ ಮಾತನಾಡಿದರು, ಹಿಂದಿರುಗಿಸಲಾಗದ 1,500 ಕ್ರೋನರ್ ನೋಂದಣಿ ಹಣ ಪಡೆದು 2024ರ ಫೆಬ್ರವರಿಯಲ್ಲಿ ಸೀಟು ಕೊಟ್ಟರು. ಆಗ ಒಂದು ಕ್ರೋನರಿಗೆ ಹನ್ನೆರಡು ರೂಪಾಯಿಯ ಆಸುಪಾಸಿನ ದರವಿತ್ತು. ಆಗಸ್ಟಿನಿಂದ ಡಿಸೆಂಬರ್‌ವರೆಗಿನ 18 ವಾರ ಮತ್ತು ಜನವರಿಯಿಂದ ಜೂನ್‌ವರೆಗಿನ 22 ವಾರ, ಎರಡಕ್ಕೂ ಸೇರಿಸಿ ಒಂದೇ ಪ್ರವೇಶಪತ್ರ ಕೊಡುವಂತೆ ನಾನು ಕೇಳಿಕೊಂಡೆ. ನೀವೂ ಹಾಗೆಯೇ ಕೇಳಿ. ಮೊದಲ ಅವಧಿಗೆ ಮಾತ್ರ ಪತ್ರ ಪಡೆದರೆ ನಡುವೆ ವಾಸ ಪರವಾನಗಿ ವಿಸ್ತರಣೆಗೆ ಮತ್ತೆ ಅರ್ಜಿ, ಮತ್ತೆ ಶುಲ್ಕ.

ಶುಲ್ಕ ವಾರಕ್ಕೆ 1,850 ಕ್ರೋನರ್. ಪಾಠ, ಕೋಣೆ, ಮೂರು ಹೊತ್ತಿನ ಊಟ ಎಲ್ಲವೂ ಅದರಲ್ಲೇ ಬಂತು. ಡೆನ್ಮಾರ್ಕ್ ಸರ್ಕಾರ ಈ ಶಾಲೆಗಳಿಗೆ ಅನುದಾನ ಕೊಡುವುದರಿಂದ ವಿದ್ಯಾರ್ಥಿ ಕೊಡುವುದು ನಿಜವಾದ ವೆಚ್ಚದ ಒಂದು ಭಾಗ ಮಾತ್ರ. ಹಾಗಿದ್ದೂ ನಮ್ಮಂಥವರ ಮನೆಗೆ ಅದು ಸಣ್ಣ ಮೊತ್ತವಲ್ಲ.

ಮೊದಲ ಅವಧಿಯ 33,300 ಕ್ರೋನರ್ ಪೂರ್ತಿ ಕಟ್ಟಿದ ಮೇಲೆಯೇ ಶಾಲೆಯು ನನ್ನ ವಾಸ ಪರವಾನಗಿ ಅರ್ಜಿಯ ತನ್ನ ಭಾಗವನ್ನು ತುಂಬಿಕೊಡುವುದಿತ್ತು. ಏಪ್ರಿಲ್ ಮೊದಲ ವಾರ ಅಪ್ಪಯ್ಯನ ಜೊತೆ ಬ್ಯಾಂಕಿಗೆ ಹೋದೆ. ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮಿನಲ್ಲಿ ಉದ್ದೇಶ ತಿಳಿಸುವ ಜಾಗದಲ್ಲಿ ‘ಶಿಕ್ಷಣ’ ಎಂದು ಬರೆದದ್ದನ್ನು ನೋಡಿ ಕೌಂಟರಿನಲ್ಲಿದ್ದವರು ಪ್ರವೇಶಪತ್ರ ಓದಿ, “ಡಿಗ್ರಿ ಮುಗಿಸಿದವರು ಮತ್ತೆ ಹೈಸ್ಕೂಲಿಗೆ ಯಾಕೆ ಹೋಗ್ತಿದ್ದೀರಿ? ಕೋರ್ಸ್ ಮುಗಿದ ಮೇಲೆ ಯಾವ ಪದವಿ ಕೊಡ್ತಾರೆ?” ಎಂದು ಕೇಳಿದರು. ಪದವಿ ಇಲ್ಲ, ಪರೀಕ್ಷೆಯೂ ಇಲ್ಲ ಎಂದೆ. ಹಾಗಾದರೆ ಇದನ್ನು ಶಿಕ್ಷಣ ಎಂದು ತೋರಿಸಲಾಗದು ಎಂದರು. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. 2024-25ರ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ಏಳು ಲಕ್ಷ ರೂಪಾಯಿ ದಾಟಿ ಕಳಿಸಿದ ಮೊತ್ತಕ್ಕೆ, ಶಿಕ್ಷಣವಾದರೆ ಶೇಕಡಾ 5, ಬೇರೆ ಉದ್ದೇಶವಾದರೆ ಶೇಕಡಾ 20ರಷ್ಟು ತೆರಿಗೆಯನ್ನು ಬ್ಯಾಂಕೇ ವಸೂಲು ಮಾಡುತ್ತಿತ್ತು. ಎರಡೂ ಅವಧಿಯ ಶುಲ್ಕ ಸೇರಿ ನಮ್ಮದು ಒಂಬತ್ತು ಲಕ್ಷ ದಾಟುವುದಿತ್ತು. ಹತ್ತೂವರೆ ಸಾವಿರ ಕಟ್ಟುವುದಕ್ಕೂ ನಲವತ್ತೆರಡು ಸಾವಿರ ಕಟ್ಟುವುದಕ್ಕೂ ಅಡಿಕೆ ಬೆಳೆಗಾರನ ಮನೆಯಲ್ಲಿ ಬಹಳ ಅಂತರವಿದೆ.

ಶಾಲೆಯ ಕಚೇರಿಗೆ ಬರೆದೆ. ಅವರು ಸಹಿ ಹಾಕಿದ ಒಂದು ಪುಟದ ಪತ್ರ ಕಳಿಸಿದರು: ಇದು ಡೆನ್ಮಾರ್ಕಿನ ಫೋಕ್ ಹೈಸ್ಕೂಲ್ ಕಾನೂನಿನಡಿ ಮಾನ್ಯತೆ ಪಡೆದು ಸರ್ಕಾರದ ಅನುದಾನದಲ್ಲಿ ನಡೆಯುವ ವಯಸ್ಕರ ಶಿಕ್ಷಣ ಸಂಸ್ಥೆ, ಪರೀಕ್ಷೆ ನಡೆಸದಿರುವುದು ಕೊರತೆಯಲ್ಲ, ಈ ಶಾಲೆಗಳ ಸ್ವರೂಪವೇ ಹಾಗೆ, ಬದುಕಿನ ಅರಿವು, ಜನಜಾಗೃತಿ ಮತ್ತು ಪ್ರಜಾಪ್ರಭುತ್ವದ ಸಂಸ್ಕಾರ ಎಂಬ ಮೂರು ಗುರಿಗಳನ್ನು ಕಾನೂನೇ ಹೇಳಿದೆ. ಆ ಪತ್ರ ಬ್ಯಾಂಕಿನ ಮೇಲಧಿಕಾರಿಗಳಿಗೆ ಹೋಗಿ ಒಪ್ಪಿಗೆಯಾಗಿ ಬರುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಈ ಪತ್ರವನ್ನು ಪ್ರವೇಶಪತ್ರದ ಜೊತೆಯಲ್ಲೇ ಕೇಳಿ ಪಡೆದುಕೊಳ್ಳಿ. ನನಗೆ ಮುಂದೆ ಎರಡು ಕಡೆ ಅದೇ ಉಪಯೋಗಕ್ಕೆ ಬಂತು. ಇನ್ನೊಂದು ಮಾತು: ಹಣ ಕಳಿಸುವಾಗ ನಡುವಿನ ಬ್ಯಾಂಕುಗಳ ಶುಲ್ಕವನ್ನೂ ನಾವೇ ಭರಿಸುತ್ತೇವೆ ಎಂದು ಫಾರ್ಮಿನಲ್ಲಿ ಸ್ಪಷ್ಟವಾಗಿ ಗುರುತು ಮಾಡಿ. ನಾವು ಮಾಡಿರಲಿಲ್ಲ. ಶಾಲೆಗೆ 180 ಕ್ರೋನರ್ ಕಡಿಮೆ ತಲುಪಿ, ಅಷ್ಟನ್ನು ಮತ್ತೆ ಕಳಿಸುವವರೆಗೆ ನನ್ನ ಕಾಗದ ಮುಂದೆ ಸರಿಯಲಿಲ್ಲ.

ಎರಡನೆಯ ತೊಡಕು ನನ್ನ ಹೆಸರಿನದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವು ಊರು ಮತ್ತು ಅಪ್ಪಯ್ಯನ ಹೆಸರಾಗಿ ಬಿಡಿಸಿಕೊಂಡಿವೆ. ಮನೆತನದ ಹೆಸರಿನ ಜಾಗ ಖಾಲಿ. ಅಪ್ಪಯ್ಯನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅವರ ಹೆಸರು ಮತ್ತೊಂದು ರೀತಿ. ಎಲ್ಲವೂ ಒಬ್ಬರದೇ ಹೆಸರು ಎಂದು ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಮುದ್ರೆ ಹಾಕಿಸಿದೆವು. ಅಪ್ಪಯ್ಯ ತೋಟದ ಪಹಣಿಯನ್ನೂ ಭಾಷಾಂತರ ಮಾಡಿಸಿ ಇಟ್ಟಿದ್ದರು. ಅದು ಏನೂ ಪ್ರಯೋಜನಕ್ಕೆ ಬರಲಿಲ್ಲ. ಪರವಾನಗಿ ಕೊಡುವವರು ನೋಡುವುದು ಬ್ಯಾಂಕಿನಲ್ಲಿರುವ, ಬೇಕೆಂದಾಗ ತೆಗೆಯಬಹುದಾದ ಹಣವನ್ನು ಮಾತ್ರ. ಆದ್ದರಿಂದ ಅಡಿಕೆ ಮಾರಿದ ಹಣ ಕೈಗೆ ಬರುವ ತಿಂಗಳನ್ನೂ ಅರ್ಜಿಯ ತಿಂಗಳನ್ನೂ ಮೊದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು.

ಏಪ್ರಿಲ್ 26ರಂದು ವಾಸ ಪರವಾನಗಿಗೆ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಿದೆ. ಸಲ್ಲಿಸಿದ 14 ದಿನಗಳೊಳಗೆ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಿ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕೆಂಬ ನಿಯಮವನ್ನು ಓದಿದ್ದೆ; ಆದರೆ ಅಲ್ಲಿ ಸಮಯ ಸಿಗುತ್ತದೆಯೇ ಎಂದು ನೋಡಿಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ಮೇ 20ರವರೆಗೆ ಒಂದೂ ಖಾಲಿ ಇರಲಿಲ್ಲ. ಗಡುವು ಮೀರಿದರೆ ಅರ್ಜಿ ತಿರಸ್ಕೃತವಾಗಬಹುದು, ಕಟ್ಟಿದ ಎರಡು ಸಾವಿರಕ್ಕೂ ಹೆಚ್ಚು ಕ್ರೋನರ್ ಶುಲ್ಕವೂ ಹೋಗಬಹುದು ಎಂದು ತಿಳಿದಾಗ ಕೈಕಾಲು ಆಡಲಿಲ್ಲ. ಬೆಳಗಿನ ಜಾವ ಎದ್ದು, ಮತ್ತೆ ನಡುರಾತ್ರಿ, ಯಾರಾದರೂ ರದ್ದು ಮಾಡಿದ ಸಮಯ ಸಿಕ್ಕೀತೇ ಎಂದು ನೋಡುತ್ತಲೇ ಇದ್ದೆ. ಹತ್ತನೆಯ ದಿನ, ಮೇ 9ಕ್ಕೆ ಒಂದು ಜಾಗ ತೆರೆದುಕೊಂಡಿತು. ಮೇ 7ರಂದು ಲೋಕಸಭೆ ಚುನಾವಣೆಗೆ ಮತ ಹಾಕಿ, ಮರುದಿನ ರಾತ್ರಿ ತಾಳಗುಪ್ಪದಿಂದ ಬರುವ ರೈಲು ಹತ್ತಿದೆ. ಎಡಗೈ ತೋರುಬೆರಳಿಗೆ ಹಚ್ಚಿದ್ದ ಶಾಯಿಯಿಂದ ಬೆರಳಚ್ಚಿಗೆ ತೊಂದರೆಯಾದೀತೆಂದು ದಾರಿಯುದ್ದಕ್ಕೂ ಚಿಂತಿಸಿದ್ದೆ. ಏನೂ ಆಗಲಿಲ್ಲ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಮೊದಲು ಕೇಂದ್ರದಲ್ಲಿ ಯಾವ ದಿನ ಖಾಲಿಯಿದೆ ಎಂದು ನೋಡಿ, ಆ ದಿನಕ್ಕೆ ಹೊಂದುವಂತೆ ಅರ್ಜಿ ಸಲ್ಲಿಸಿ. ಈ ಬರಹದಿಂದ ಒಂದೇ ಒಂದು ಸಲಹೆ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ.

ಆಮೇಲೆ ಕಾಯುವ ಕೆಲಸ. ಜೂನ್ ನಡುವೆ, ಅರ್ಜಿ ಪರಿಶೀಲಿಸುತ್ತಿದ್ದ ಕಚೇರಿಯಿಂದ ಒಂದು ಪತ್ರ ಬಂತು. ಪದವಿ ಮುಗಿಸಿ ಕೆಲಸ ಮಾಡುತ್ತಿರುವ ನನಗೆ ಪರೀಕ್ಷೆಯಿಲ್ಲದ ಈ ಶಾಲೆ ಏಕೆ ಬೇಕು, ನನ್ನ ಹಿಂದಿನ ಓದಿಗೂ ಮುಂದಿನ ಯೋಜನೆಗೂ ಇದು ಹೇಗೆ ಸಂಬಂಧಿಸುತ್ತದೆ ಎಂದು 14 ದಿನಗಳಲ್ಲಿ ವಿವರಿಸಬೇಕಿತ್ತು. ಅಪ್ಪಯ್ಯನ ಪ್ರಶ್ನೆಯೇ ಸರ್ಕಾರಿ ಭಾಷೆಯಲ್ಲಿ ಬಂದಿತ್ತು. ಆಗ ನೆರವಾದವರು ವಯಸ್ಕರ ಶಿಕ್ಷಣದಲ್ಲಿ ದುಡಿದು ನಿವೃತ್ತರಾದ, ಅಪ್ಪಯ್ಯನ ಪರಿಚಯದ ಒಬ್ಬ ಹಿರಿಯರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಿಂದ ಆರಂಭಿಸಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠಗಳನ್ನು ಕಟ್ಟಿತು, ಅವುಗಳಿಗೆ ಮಾದರಿಯಾದದ್ದು ಡೆನ್ಮಾರ್ಕಿನ ಈ ಶಾಲೆಗಳೇ ಎಂದು ಅವರಿಂದ ತಿಳಿಯಿತು. ಕೇಳಿ ನನಗೆ ಮೈ ಜುಮ್ಮೆಂದಿತು. ಯಾರೂ ಕೇಳರಿಯದ ಕಡೆಗೆ ಹೊರಟಿದ್ದೇನೆ ಎಂದುಕೊಂಡಿದ್ದವಳಿಗೆ, ಆ ದಾರಿಯ ಒಂದು ಕವಲು ನಮ್ಮ ಕಪಿಲೆಯ ದಡಕ್ಕೇ ಬಂದಿತ್ತೆಂದು ಗೊತ್ತಾಯಿತು. ಹಳ್ಳಿ ಗ್ರಂಥಾಲಯಗಳ ನನ್ನ ಕೆಲಸ, ವಿದ್ಯಾಪೀಠಗಳ ಹಿನ್ನೆಲೆ, ಮರಳಿದ ಮೇಲೆ ಶಿಕ್ಷಣ ವಿಷಯದಲ್ಲಿ ಎಂ.ಎ. ಮಾಡುವ ಯೋಜನೆ, ಈ ಮೂರನ್ನೂ ಹೆಣೆದು ಎರಡು ಪುಟ ಬರೆದು, ಸಂಸ್ಥೆಯವರ ಒಂದು ಪತ್ರದೊಂದಿಗೆ ಕಳಿಸಿದೆ. ಬೆರಳಚ್ಚು ಕೊಟ್ಟ 71ನೆಯ ದಿನ, ಜುಲೈ 19ರಂದು ಪರವಾನಗಿ ಮಂಜೂರಾಯಿತು. ಪಾಸ್‌ಪೋರ್ಟಿಗೆ ಪ್ರವೇಶದ ಚೀಟಿ ಅಂಟಿಸಿ ಮರಳಿ ಕೈಗೆ ಬಂದದ್ದು ಆಗಸ್ಟ್ 2ಕ್ಕೆ. ಅದಕ್ಕೆ ಮುಂಚೆ ಟಿಕೆಟ್ ತೆಗೆಯುವ ಧೈರ್ಯ ಬರಲಿಲ್ಲ; ಜೂನ್‌ನಲ್ಲಿ 41,000 ಇದ್ದ ಟಿಕೆಟಿಗೆ 58,000 ಕೊಟ್ಟೆ. ಪರವಾನಗಿಯಲ್ಲಿ ಕೆಲಸ ಮಾಡುವ ಹಕ್ಕು ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಲ್ಲಿ ಹೋಗಿ ಸಂಜೆ ಹೊತ್ತು ದುಡಿದು ಖರ್ಚು ಸರಿದೂಗಿಸೋಣ ಎಂಬ ಲೆಕ್ಕಾಚಾರ ಬೇಡ.

ಆಗಸ್ಟ್ 17ರಂದು ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲೇ ರೈಲು ಹತ್ತಿ, ಸಮುದ್ರದಡಿಯ ಸುರಂಗ, ಅದರಾಚೆಯ ಉದ್ದನೆಯ ಸೇತುವೆ ದಾಟಿ ಫ್ಯೂನ್ ದ್ವೀಪದ ಓಡೆನ್ಸೆ ನಗರದಲ್ಲಿ ಇಳಿದೆ. ಮರುದಿನ ಭಾನುವಾರ ಶಾಲೆ ಸೇರಿದೆ. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೈಕುಲುಕಿ ಬರಮಾಡಿಕೊಳ್ಳುತ್ತಿದ್ದವರು ಪ್ರಾಂಶುಪಾಲರೆಂದು ನನಗೆ ರಾತ್ರಿ ಊಟದ ಹೊತ್ತಿಗೆ ತಿಳಿಯಿತು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಡ್ಯಾನಿಶಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲರಿಗೂ ಏಕವಚನವೇ. ಅರವತ್ತರ ಹಿರಿಯರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಅಕ್ಟೋಬರ್‌ವರೆಗೂ ಹೆಸರನ್ನೇ ಹೇಳದೆ, ಎದುರಿಗೆ ಬಂದು ನಿಂತು ಮಾತು ಶುರುಮಾಡುತ್ತಿದ್ದೆ.

ಮೊದಲ ವಾರದಲ್ಲೇ ಮುಗಿಸಬೇಕಾದ ಕೆಲಸ ಪುರಸಭೆಯಲ್ಲಿ ನೋಂದಣಿ. ಅಲ್ಲಿ ಕೊಡುವ, ಸಿಪಿಆರ್ ಎಂಬ ಗುರುತಿನ ಸಂಖ್ಯೆಯಿಲ್ಲದೆ ವೈದ್ಯರಿಲ್ಲ, ಬ್ಯಾಂಕ್ ಖಾತೆಯಿಲ್ಲ, ಯಾವ ಸರ್ಕಾರಿ ಸೇವೆಯೂ ಇಲ್ಲ. ಪಾಸ್‌ಪೋರ್ಟ್, ಪರವಾನಗಿ ಪತ್ರ ಮತ್ತು ಶಾಲೆಯ ವಿಳಾಸದ ಪತ್ರ ಒಯ್ದರೆ ಸಾಕು. ವಾಸದ ಕಾರ್ಡೂ ಆರೋಗ್ಯ ಸೇವೆಯ ಹಳದಿ ಕಾರ್ಡೂ ಅಂಚೆಯಲ್ಲಿ ಬರುತ್ತವೆ; ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಅಂಚೆಯವರು ಹಿಂದಕ್ಕೆ ಒಯ್ಯುತ್ತಾರೆ. ನನ್ನ ವಾಸದ ಕಾರ್ಡ್ ಹಾಗೆ ಒಮ್ಮೆ ಹಿಂತಿರುಗಿ, ಆಮೇಲೆ ನಾನು ಹೋದ ಬರ್ಲಿನ್ ಪ್ರವಾಸಕ್ಕೆ ಹೊರಡುವ ನಾಲ್ಕು ದಿನ ಮುಂಚೆ ಕೈಸೇರಿತು. ಹಳದಿ ಕಾರ್ಡ್ ಬರುವವರೆಗಿನ ವಾರಗಳಿಗೆ ಊರಿನಿಂದಲೇ ವಿಮೆ ಮಾಡಿಸಿಕೊಂಡು ಹೋಗಿ.

ಶಾಲೆಯ ದಿನ ಎಂಟೂವರೆಗೆ ಹಾಡಿನಿಂದ ಆರಂಭ. ಎಲ್ಲರ ಕೈಯಲ್ಲೂ ಒಂದು ದಪ್ಪ ಹಾಡಿನ ಪುಸ್ತಕ. ಈ ಶಾಲೆಗಳಿಗೆಂದೇ 1894ರಲ್ಲಿ ಮೊದಲು ಅಚ್ಚಾಗಿ, 2020ರಲ್ಲಿ 19ನೆಯ ಆವೃತ್ತಿ ಕಂಡದ್ದು. ಪಿಯಾನೋ ಬಾರಿಸುವವರು ಸಂಖ್ಯೆ ಹೇಳುತ್ತಾರೆ, ಎಲ್ಲರೂ ಎದ್ದು ಹಾಡುತ್ತಾರೆ. ಕಂಠ ಚೆನ್ನಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ನಮ್ಮೂರ ಭಜನೆಯಲ್ಲಿ ಕುಳಿತವಳಿಗೆ ಅದು ಹೊಸತಾಗಿರಲಿಲ್ಲ. ಅರ್ಥ ತಿಳಿಯದ ದಿನಗಳಲ್ಲೂ ಆ ಅರ್ಧ ಗಂಟೆ ನಾನು ಪರಕೀಯಳಾಗಿರಲಿಲ್ಲ.

ಪಾಠದ ಕೋಣೆ ಮಾತ್ರ ಕಷ್ಟವಾಯಿತು. ಏನನ್ನಾದರೂ ಓದಿದ ಮೇಲೆ ಶಿಕ್ಷಕರು ತಾವು ವಿವರಿಸುವ ಮುಂಚೆ “ನಿನಗೇನು ಅನ್ನಿಸುತ್ತದೆ?” ಎಂದು ಕೇಳುತ್ತಾರೆ. ಹದಿನೈದು ವರ್ಷ ಸರಿಯುತ್ತರವನ್ನೇ ಬರೆದು ಅಭ್ಯಾಸವಾದವಳಿಗೆ ಆ ಪ್ರಶ್ನೆ ಎದುರಾದಾಗ ಗಂಟಲು ಕಟ್ಟುತ್ತಿತ್ತು. ಕುಂಬಾರಿಕೆಯ ತರಗತಿಯಲ್ಲಿ, ಹತ್ತು ಸಲ ಕುಸಿದ ಮೇಲೆ ತಿಗರಿಯ ಮೇಲೆ ಕೊನೆಗೂ ನಿಂತ ನನ್ನ ಮೊದಲ ಬಟ್ಟಲನ್ನು ಶಿಕ್ಷಕಿಗೆ ತೋರಿಸಿ “ಚೆನ್ನಾಗಿದೆಯೇ?” ಎಂದು ಕೇಳಿದೆ. ಅವರು ಎರಡು ಹಿಡಿಯ ಸಣ್ಣ ತಂತಿ ತೆಗೆದು, ಬಟ್ಟಲನ್ನು ಮೇಲಿನಿಂದ ಕೆಳಗೆ ನಡುವೆ ಸೀಳಿ, ಎರಡು ಹೋಳುಗಳನ್ನು ಪಕ್ಕಪಕ್ಕ ಮಲಗಿಸಿದರು. ಕಣ್ಣಲ್ಲಿ ನೀರು ತುಂಬಿತು. “ಬೆರಳಿಟ್ಟು ನೋಡು” ಎಂದರು. ಬುಡದಲ್ಲಿ ಗೋಡೆ ಹೆಬ್ಬೆರಳಿನಷ್ಟು ದಪ್ಪವಿತ್ತು, ಬಾಯಿಯ ಹತ್ತಿರ ಹಪ್ಪಳದಷ್ಟು ತೆಳ್ಳಗಿತ್ತು. ನನ್ನ ಎಡಗೈ ಎಲ್ಲಿ ಹೆದರಿ ಸಡಿಲಾಗಿತ್ತೆಂಬುದು ಹಸಿ ಜೇಡಿಯಲ್ಲಿ ಒಂದು ಗೆರೆಯಾಗಿ ಕಾಣುತ್ತಿತ್ತು. ಚೆನ್ನಾಗಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮುಂದಿನ ಆರು ಬಟ್ಟಲುಗಳನ್ನು ನಾನೇ ಸೀಳಿ ನೋಡಿದೆ.

ಊಟದ ವಿಷಯ ಕೇಳುವವರಿಗೆ: ಸಸ್ಯಾಹಾರಿಗಳಿಗೆ ಪ್ರತ್ಯೇಕ ಅಡುಗೆ ಇತ್ತು, ಉಪವಾಸ ಬೀಳುವ ಪ್ರಮೇಯ ಬರಲಿಲ್ಲ. ಆದರೆ ಬಿಸಿ ಊಟ ದಿನಕ್ಕೆ ಒಂದೇ ಹೊತ್ತು; ಇನ್ನೊಂದು ಹೊತ್ತು ರೈ ಧಾನ್ಯದ ಕಪ್ಪು ರೊಟ್ಟಿ. ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಅಡುಗೆಗೆ ಕೈಜೋಡಿಸುವುದು ಎಲ್ಲರಿಗೂ ಸರದಿಯಂತೆ ಕಡ್ಡಾಯ. ಆ ರೊಟ್ಟಿಗೆ ಇಡೀ ಕಾಳನ್ನು ರಾತ್ರಿ ನೆನೆಸಿ, ಹಿಂದಿನ ಸಲದ ಹುಳಿ ಹಿಟ್ಟು ಬೆರೆಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಅಚ್ಚಿಗೆ ಹಾಕುತ್ತಾರೆ. ಬೆಂದ ಮೇಲೂ ಮರುದಿನದವರೆಗೆ ಕತ್ತರಿಸುವುದಿಲ್ಲ. ನನಗೆ ಅಲ್ಲಿ ಮೊದಲು ಗೆಳತಿಯರಾದವರು ಈ ಹಿಟ್ಟಿನ ಮುಂದೆ ನಿಂತವರೇ.

ನವೆಂಬರ್ ಹೊತ್ತಿಗೆ ಸಂಜೆ ನಾಲ್ಕಕ್ಕೇ ಕತ್ತಲೆ. ಮಲೆನಾಡಿನ ಮಳೆಗಾಲ ಕಂಡವಳು ನಾನು, ಮೋಡಕ್ಕೆ ಹೆದರುವವಳಲ್ಲ. ಆದರೆ ಆ ಕತ್ತಲೆ ಬೇರೆ. ಬೆಳಿಗ್ಗೆ ಏಳಲಾಗದೆ, ಯಾರೊಡನೆಯೂ ಮಾತು ಬೇಡವೆನ್ನಿಸಿ ಎರಡು ವಾರ ಒದ್ದಾಡಿದೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ಶಿಕ್ಷಕರ ಜೊತೆಗಿನ ಸಣ್ಣ ಗುಂಪು ಇರುತ್ತದೆ, ಅಲ್ಲಿ ಹೇಳಿಕೊಂಡೆ. ವೈದ್ಯರ ಬಳಿ ಕರೆದೊಯ್ದರು, ವಿಟಮಿನ್ ಡಿ ಮಾತ್ರೆ ಶುರುವಾಯಿತು, ಮಧ್ಯಾಹ್ನ ಬೆಳಕಿರುವಾಗ ದಿನಾ ಹೊರಗೆ ನಡೆಯುವಂತೆ ಒಬ್ಬಳು ಸಹಪಾಠಿ ಬಾಗಿಲು ತಟ್ಟತೊಡಗಿದಳು. ಹೀಗಾದರೆ ಮುಚ್ಚಿಡಬೇಡಿ, ಮೊದಲ ವಾರದಲ್ಲೇ ಹೇಳಿ.

ಅದೇ ತಿಂಗಳಲ್ಲಿ, ಡಿಸೆಂಬರ್ 21ರಿಂದ ಜನವರಿ 19ರವರೆಗೆ ಶಾಲೆ ಮುಚ್ಚುತ್ತದೆ ಎಂದು ತಿಳಿಯಿತು. ವೇಳಾಪಟ್ಟಿಯಲ್ಲಿ ಎರಡು ಅವಧಿಯ ದಿನಾಂಕಗಳಿದ್ದವು. ನಡುವಿನ ನಾಲ್ಕು ವಾರ ಎಲ್ಲಿರುತ್ತೇನೆ ಎಂದು ನಾನೇ ಯೋಚಿಸಿರಲಿಲ್ಲ. ಊರಿಗೆ ಬಂದುಹೋಗಲು ಹಣವಿಲ್ಲ, ಹೋಟೆಲಿನ ಮಾತಂತೂ ದೂರ. ಹತ್ತು ದಿನ ಯುಟ್‌ಲ್ಯಾಂಡಿನ ಸಹಪಾಠಿಯೊಬ್ಬಳ ಮನೆಯವರು ಕರೆದುಕೊಂಡರು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮರಕ್ಕೆ ನಿಜವಾದ ಮೇಣದ ಬತ್ತಿ ಹಚ್ಚಿ, ಕೈ ಕೈ ಹಿಡಿದು ಸುತ್ತುತ್ತ ಹಾಡಿದೆವು. ಊಟದ ಕೊನೆಗೆ ಕೆನೆ ಬೆರೆಸಿದ ತಣ್ಣನೆಯ ಅಕ್ಕಿ ಪಾಯಸದಲ್ಲಿ ಒಂದೇ ಒಂದು ಇಡೀ ಬಾದಾಮಿ, ಅದು ಯಾರ ಬಟ್ಟಲಿಗೆ ಬಂತೋ ಅವರಿಗೆ ಉಡುಗೊರೆ. ಉಳಿದ ದಿನಗಳಿಗೆ ಶಾಲೆಯವರು 2,000 ಕ್ರೋನರ್ ಪಡೆದು ಕೋಣೆ ಬಿಟ್ಟುಕೊಟ್ಟರು. ಐವರು ವಿದೇಶಿಯರು ಅಲ್ಲೇ ಅಡುಗೆ ಮಾಡಿಕೊಂಡು ಇದ್ದೆವು. ಪ್ರವೇಶ ಪಡೆಯುವಾಗಲೇ ಈ ನಾಲ್ಕು ವಾರಗಳ ಬಗ್ಗೆ ಶಾಲೆಯನ್ನು ಕೇಳಿ.

ವಸಂತದ ಅವಧಿ ಬೇಗ ಓಡಿತು. ಮಾರ್ಚಿನಿಂದ ಬೆಳಕು ದಿನದಿನಕ್ಕೂ ಹೆಚ್ಚಿತು, ಡ್ಯಾನಿಶ್ ಅರ್ಥವಾಗತೊಡಗಿತು, ಚರ್ಚೆಯಲ್ಲಿ ನಾನಾಗಿಯೇ ಕೈಯೆತ್ತಿದೆ. ಹಳ್ಳಿ ಗ್ರಂಥಾಲಯಗಳ ಕುರಿತು ಒಂದು ಬೆಳಗಿನ ಸಭೆಯಲ್ಲಿ ಅರ್ಧ ಗಂಟೆ ಮಾತನಾಡಿದೆ. ನಂಜನಗೂಡಿನ ವಿಷಯ ಹೇಳಿದಾಗ ಶಿಕ್ಷಕರಲ್ಲಿ ಇಬ್ಬರು ಆ ಹೆಸರನ್ನು ಬರೆದುಕೊಂಡರು.

ಖರ್ಚಿನ ಲೆಕ್ಕ ಹೀಗಿದೆ. ಎರಡೂ ಅವಧಿಯ ಶುಲ್ಕ ಬ್ಯಾಂಕಿನ ದರದಲ್ಲಿ 9.14 ಲಕ್ಷ, ಎರಡು ಕಡೆಯ ವಿಮಾನಕ್ಕೆ 1.10 ಲಕ್ಷ, ಬರ್ಲಿನ್ ಪ್ರವಾಸಕ್ಕೆ 80,000, ಹತ್ತು ತಿಂಗಳ ಕೈಖರ್ಚು 1.85 ಲಕ್ಷ. ಪರವಾನಗಿ, ವಿಮೆ, ಚಳಿಯ ಬಟ್ಟೆ, ಬೂಟು, ಬೆಂಗಳೂರಿನ ಓಡಾಟ, ರಜೆಯ ಕೋಣೆ ಎಲ್ಲ ಸೇರಿ 14 ಲಕ್ಷದ ಹತ್ತಿರ ಹೋಯಿತು. ಕೈಖರ್ಚು ಮತ್ತು ಪ್ರವಾಸ ನನ್ನ ಉಳಿತಾಯದ್ದು, ಉಳಿದದ್ದು ಅಪ್ಪಯ್ಯನದು. ಕೆಲವು ಶಾಲೆಗಳು ವಿದೇಶಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತವೆ; ಅರ್ಜಿಯ ಜೊತೆಗೇ ಕೇಳಬೇಕು, ಸೀಟು ಖಚಿತವಾದ ಮೇಲೆ ಕೇಳಿ ಫಲವಿಲ್ಲ. ನಾನು ತಡವಾಗಿ ಕೇಳಿದೆ.

ಹೊರಡುವ ವಾರ ಪುರಸಭೆಗೆ ಹೋಗಿ ದೇಶ ಬಿಡುತ್ತಿರುವುದಾಗಿ ನೋಂದಾಯಿಸಿದೆ, ಇದನ್ನು ಮರೆಯಬಾರದು. ಶಾಲೆ ಕೊಟ್ಟ ಪ್ರಮಾಣಪತ್ರ ಒಂದೇ ಪುಟದ್ದು: ಇಂತಿಂಥ ದಿನಾಂಕಗಳ ನಡುವೆ ಇಲ್ಲಿದ್ದರು, ಇಂತಿಂಥ ತರಗತಿಗಳಲ್ಲಿ ಪಾಲ್ಗೊಂಡರು, ಅಷ್ಟೇ. ಅಜ್ಜಿ ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡು, “ನಾಪಾಸಾದವರಿಗೂ ಇದೇ ಕೊಡ್ತಾರಾ?” ಎಂದು ಕೇಳಿದರು. ಅಲ್ಲಿ ನಾಪಾಸು ಎನ್ನುವುದೇ ಇಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ನಿನ್ನ ಅಪ್ಪಯ್ಯನ್ನ ಅಲ್ಲಿಗೆ ಕಳಿಸಬೇಕಿತ್ತು” ಎಂದರು. ಅಪ್ಪಯ್ಯ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು. ಅವರು ಪ್ರಮಾಣಪತ್ರವನ್ನು ನನ್ನ ಅಂಕಪಟ್ಟಿಗಳಿರುವ ಫೈಲಿನಲ್ಲೇ ಸೇರಿಸಿ ಇಟ್ಟಿದ್ದಾರೆ. ಬ್ಯಾಂಕ್ ಹಿಡಿದುಕೊಂಡಿದ್ದ ತೆರಿಗೆ 10,700 ರೂಪಾಯಿ ಅವರ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಮರಳಿ ಕೇಳಬಹುದು. ಅದರ ಕಾಗದಗಳನ್ನು ಈ ವಾರ ಹೊಂದಿಸುತ್ತಿದ್ದೇವೆ.